ಅಮ್ಮನ ಅಂಗಳಕ್ಕೆ ಗೌಜಲು ಬಂದದ್ದು

ಕಳೆ ಎಂಬ ಮಾತನ್ನು ನನ್ನೆದುರು ಯಾರಾದರೂ ಆಡಿದರೆ ಮೈಯೆಲ್ಲ ಉರಿಯುತ್ತದೆ. ದನ ತಿಂದರೆ ಹುಲ್ಲು, ದನ ಮೂಸಿ ಬಿಟ್ಟರೆ ಕಳೆ. ಈ ಭೂಮಿಯನ್ನು ದನಗಳ ಹೆಸರಿಗೆ ಬರೆದುಕೊಟ್ಟವರು ಯಾರು, ಸ್ವಲ್ಪ ಹೇಳಿ ನೋಡೋಣ. ನಾನಂತೂ ಕೊಟ್ಟಿಲ್ಲ.

ಅರ್ಧ ಆಯುಷ್ಯ ಬೇರೆಯವರ ರಾಂಚುಗಳಲ್ಲಿ, ಅಂದರೆ ದನ ಮೇಯಿಸುವ ದೊಡ್ಡ ಜಮೀನುಗಳಲ್ಲಿ, ಬೇಟೆಗೆ ಹಕ್ಕಿ ಹೆಚ್ಚಲಿ ಅಂತ ಕಾಡು ಗೌಜಲಕ್ಕಿಗೆ ಕಾಳು ಬೆಳೆಸಿದವಳು ನಾನು. ಬೆಳೆಸುವುದು ಅಂದರೆ ಬಿತ್ತುವುದಲ್ಲ. ಚಳಿಗಾಲದಲ್ಲಿ ಟ್ರ್ಯಾಕ್ಟರಿಗೆ ಡಿಸ್ಕ್ ಕಟ್ಟಿ ಹುಲ್ಲುಗಾವಲಿನ ನಡುವೆ ಪಟ್ಟೆ ಪಟ್ಟೆಯಾಗಿ ನೆಲ ಕೆದಕಬೇಕು. ಮರಳಿನೊಳಗೆ ವರ್ಷಗಟ್ಟಲೆ ಮಲಗಿದ್ದ ಬೀಜ ಆಗ ಎಚ್ಚರವಾಗುತ್ತದೆ. ಬೆಳವಕ್ಕಿಗೂ ಪ್ರಿಯವಾದ ಕಾಳಿನ ಬೆಳವನ ಗಿಡ ಏಳುತ್ತದೆ, ಕಾಡು ಸೂರ್ಯಕಾಂತಿ ಏಳುತ್ತದೆ, ಸಣ್ಣ ಹಳದಿ ಹೂವಿನ ಕಾಯಿಗಿಡಗಳು ಏಳುತ್ತವೆ. ಇದೇ ಕೆಲಸವನ್ನು ಬೇಸಿಗೆ ಹತ್ತಿರ ಬಂದ ಮೇಲೆ ಮಾಡಿದಿರೋ, ಒರಟು ಹುಲ್ಲು ಎದ್ದು ಎಲ್ಲವನ್ನೂ ನುಂಗಿಹಾಕುತ್ತದೆ. ಹೊತ್ತು ಗೊತ್ತಿರಬೇಕು, ಕೆದಕಿದ ಮೇಲೆ ಕೈಕಟ್ಟಿ ಕೂರುವ ತಾಳ್ಮೆಯೂ ಇರಬೇಕು. ಮೊದಲನೆಯದು ನನ್ನ ಹತ್ತಿರ ಬೇಕಾದಷ್ಟಿದೆ. ಎರಡನೆಯದನ್ನು ದೇವರು ಕೊಡುವಾಗ ನಾನು ಎಲ್ಲೋ ಜಗಳವಾಡುತ್ತಿದ್ದೆ ಅಂತ ಕಾಣುತ್ತದೆ.

ಬೇರೆಯವರ ನೆಲದಲ್ಲಿ ಈ ಕೆಲಸ ಮಾಡುವುದರ ಸಂಕಟ ಒಂದೇ. ಹಕ್ಕಿ ಕೂಡಿಬರುವ ಹೊತ್ತಿಗೆ ಸರಿಯಾಗಿ ಮಾಲೀಕ ಬದಲಾಗುತ್ತಾನೆ. ಹೊಸಬ ಬಂದವನೇ, "ಇದೇನ್ರೀ ಕಸ, ಎಲ್ಲಾ ಕ್ಲೀನ್ ಮಾಡ್ಸಿ" ಅನ್ನುತ್ತಾನೆ. ಹಾಗೆ ಎಷ್ಟು ಸಲ ನನ್ನ ಕೈಯಾರೆ ಬೆಳೆಸಿದ್ದನ್ನು ನನ್ನ ಕೈಯಾರೆ ಕತ್ತರಿಸಿದ್ದೇನೋ. ಅದಕ್ಕೇ, ಕೆಲಸ ಬಿಟ್ಟು ಅಮ್ಮನ ಮನೆಗೆ ಬಂದು ಸೇರಿದಾಗ ನನಗೆ ಬೇಕಾಗಿದ್ದದ್ದು ಒಂದೇ: ಯಾರೂ ಬಂದು ಕತ್ತರಿಸು ಅನ್ನಲಾಗದ ಒಂದು ತುಂಡು ನೆಲ. ಆ ತುಂಡು ಅಮ್ಮನ ಮನೆಯ ಮುಂದೆಯೇ ಇತ್ತು. ಆದರೆ ಅದು ನನ್ನ ತಮ್ಮ ಲಿಯಾಂದ್ರೊಗೂ ಬೇಕಾಗಿತ್ತು.

ಅಮ್ಮ ತೊಮಾಸಾ, ಊರವರ ಬಾಯಲ್ಲಿ ಮರ್ಯಾದೆಗೆ ದೋನ್ಯಾ ತೊಮಾಸಾ, ಎಂಬತ್ತು ದಾಟಿ ಎಷ್ಟೋ ಆದರೂ ಅಡುಗೆಮನೆಯಲ್ಲಿ ಇನ್ನೊಬ್ಬರ ಕೈ ಆಡಗೊಡದ ಹೆಂಗಸು. ದಕ್ಷಿಣ ಟೆಕ್ಸಾಸಿನ ಈ ಮುಳ್ಳುಕಾಡಿನಲ್ಲಿ ಅವಳ ಅಜ್ಜನ ಕಾಲದಿಂದ ಉಳಿದುಬಂದ ಆ ನೆಲಕ್ಕೆ ಮೊಗೋತೆ ಅಂತ ಹೆಸರು. ಉಳಿದ ಜಮೀನೆಲ್ಲ ಅಪ್ಪ ಇದ್ದಾಗಲೇ ಲಿಯಾಂದ್ರೊ ಹೆಸರಿಗೆ ಬಂದು, ಅದರ ತುಂಬ ಅವನು ದನಕ್ಕೆಂದು ಹೊರದೇಶದ ಹುಲ್ಲು ಹಾಕಿದ್ದ. ಗೋಡೆ ಕಟ್ಟಿದ ಹಾಗೆ ಒತ್ತಾಗಿ ಬೆಳೆಯುವ ಹುಲ್ಲು ಅದು, ಅದರೊಳಗೆ ಇರುವೆಯೂ ದಾರಿ ಕೇಳಿಕೊಂಡು ನಡೆಯಬೇಕು, ಇನ್ನು ಗೌಜಲೆಲ್ಲಿ ನಡೆದೀತು.

ನಾನು ಬಂದ ವಾರವೇ, ಕ್ರಿಸ್‌ಮಸ್ಸಿಗೆ ತಮಾಲೆ ಕಡುಬು ಕಟ್ಟಲು ಮೂವರೂ ಮೇಜಿನ ಸುತ್ತ ಕೂತಿದ್ದೆವು. ಮೆಕ್ಕೆಜೋಳದ ಸಿಪ್ಪೆಗೆ ಹಿಟ್ಟು ಸವರುತ್ತ ಸವರುತ್ತ ಅಮ್ಮ ಇದ್ದಕ್ಕಿದ್ದಂತೆ, "ಮೊಗೋತೇನ ನಿಮ್ಮಿಬ್ಬರಲ್ಲಿ ಯಾರಿಗಾದ್ರೂ ಕೊಟ್ಟುಬಿಡ್ತೀನಿ" ಅಂದಳು.

"ನಂಗೆ ಕೊಡು" ಅಂದೆ ನಾನು.

"ನಂಗೆ ಕೊಡಮ್ಮ" ಅಂದ ಲಿಯಾಂದ್ರೊ. "ಅಕ್ಕಂಗೆ ಕೊಟ್ರೆ ಕಳೆ ಬೆಳೀತಾಳೆ."

"ಕಳೆ ಅಂದ್ರೆ ಈ ಹಿಟ್ಟನ್ನ ನಿನ್ನ ಮುಖಕ್ಕೆ ಬಳೀತೀನಿ ನೋಡು."

"ಬಳಿ. ಕಳೆ, ಕಳೆ, ಕಳೆ."

ಇಬ್ಬರಿಗೂ ಅರವತ್ತರ ಆಸುಪಾಸು. ಅಮ್ಮ ಚಮಚದಿಂದ ಮೇಜು ಕುಟ್ಟಿದಳು.

"ನಿಮ್ಮಪ್ಪ ಇದ್ದಾಗ ಬೆಳಗಾಗೆದ್ರೆ ಗೌಜಲು ಕೂಗೋವು" ಅಂದಳು. "ಒಂದು ಆ ಕಡೆಯಿಂದ, ಒಂದು ಈ ಕಡೆಯಿಂದ ಅಂತ ಅವ್ರು ಹೇಳೋರು. ಜಗಲಿ ಮೇಲೆ ಕೂತು ಇಬ್ರೂ ಕಾಫಿ ಕುಡೀತಾ ಕೇಳ್ತಿದ್ವಿ. ಅವ್ರು ಹೋದ್ರು, ಅವೂ ಹೋದ್ವು. ಫೇಮಿಯಾ, ನೀನು ಊರೂರಿಗೆಲ್ಲ ಹಕ್ಕಿ ತಂದುಕೊಟ್ಟವಳಲ್ಲ, ನಿನ್ನ ತಾಯಿಗೆ ತಂದುಕೊಡ್ತೀಯಾ?"

"ಯಾಕೆ ತರಲ್ಲ? ಒಂದು ವರ್ಷ ಕೊಡು."

"ಒಂದು ವರ್ಷ ಕೊಟ್ಟೆ. ಬರೋ ನವೆಂಬರ್‌ನಲ್ಲಿ, ಸತ್ತವರ ದಿನ, ಸ್ಮಶಾನಕ್ಕೆ ಹೊರಡೋ ಮುಂಚೆ, ಬೆಳಗಿನ ಜಾವ ನಾನು ಜಗಲಿ ಮೇಲೆ ಕುರ್ಚೀಲಿ ಕೂರ್ತೀನಿ. ಗೌಜಲು ಕೂಗಿದ್ದು ನನ್ನ ಕಿವಿಗೆ ಬಿದ್ರೆ ನೆಲ ನಿಂದು. ಬೀಳದಿದ್ರೆ ಅವನದು. ಅಲ್ಲೀವರೆಗೂ ಹಕ್ಕಿ ಕೂಗ್ತು, ಬಂತು, ಹೋಯ್ತು ಅಂತ ಯಾರೂ ನನ್ನ ಹತ್ರ ಬಂದು ಊದ್ಬಾರ್ದು. ನಾನೇ ಕೇಳ್ಬೇಕು."

"ಆಯ್ತಮ್ಮ, ಒಪ್ಪಿದೆ" ಅಂದ ಲಿಯಾಂದ್ರೊ, ಒಂದು ಕ್ಷಣವೂ ಯೋಚಿಸದೆ. ಇವನಿಗೆ ಬುದ್ಧಿ ಎಳ್ಳಷ್ಟೂ ಬೆಳೆದಿಲ್ಲವಲ್ಲ ಅಂತ ನಾನು ಒಳಗೊಳಗೇ ಕುಣಿದೆ. ಗೌಜಲು ತರುವುದರಲ್ಲಿ ನನ್ನ ಜೊತೆ ಪಂದ್ಯ ಕಟ್ಟುವುದೇ? ಆ ನೆಲ ಆಗಲೇ ನನ್ನ ಕೈಗೆ ಬಂದ ಹಾಗಾಯಿತು.

ಜನವರಿಯಲ್ಲಿ ಡಿಸ್ಕ್ ಹೊಡೆದೆ. ಗಾಳಿಗಿರಣಿಯಿಂದ ಶುರುಮಾಡಿ, ಪಾಪಸುಕಳ್ಳಿಯ ಮೆಳೆ, ಬಳ್ಳಾರಿ ಜಾಲಿಯ ತೋಪುಗಳನ್ನು ಮುಟ್ಟದೆ, ಅವುಗಳ ನಡುವೆ ಹಾವಿನ ಹಾಗೆ ಬಳುಕಿಸಿ ಪಟ್ಟೆ ತೆಗೆದೆ. ಹೊಲದ್ದು ಸುಲಭ. ತೊಡಕು ಬಂದದ್ದು ಅಂಗಳದ ಹತ್ತಿರ.

ನಮ್ಮ ಮೆಕ್ಸಿಕನ್ ಜನಕ್ಕೆ ಅಂಗಳ ಅಂದರೆ ಬೋಳು ಮಣ್ಣು. ಹುಲ್ಲಿನ ಒಂದು ಎಸಳು ಇರಕೂಡದು. ಹಾವು ಬಂದರೆ ದೂರದಿಂದಲೇ ಕಾಣಬೇಕು ಅಂತ ಹಿಂದಿನವರು ಶುರುಮಾಡಿದ್ದು, ಆಮೇಲೆ ಅದೇ ಮಾನ ಮರ್ಯಾದೆಯಾಯಿತು. ಅಮ್ಮ ದಿನಾ ಬೆಳಗ್ಗೆ ನೀರು ಚಿಮುಕಿಸಿ, ಕಡ್ಡಿಪೊರಕೆಯಲ್ಲಿ ಗುಡಿಸಿ, ಆ ಅಂಗಳವನ್ನು ರೊಟ್ಟಿ ಕಾಯಿಸುವ ಹಂಚಿನ ಹಾಗೆ ಮಾಡಿಟ್ಟಿದ್ದಳು. ಅದೂ ಚಿಕ್ಕ ಅಂಗಳವಲ್ಲ, ಲಾರಿ ತಿರುಗಿಸಬಹುದು. ಗೌಜಲು ಅಷ್ಟು ಅಗಲದ ಬಯಲನ್ನು ದಾಟುವ ಹಕ್ಕಿಯಲ್ಲ, ಮೇಲೆ ಗಿಡುಗ ಕಾಯುತ್ತಿರುತ್ತದೆ. ಹೊಲದ ಆಚೆ ತುದಿಯಲ್ಲಿ ಕೂಗಿದ್ದು ವಯಸ್ಸಾದ ಹೆಂಗಸಿಗೆ ಕೇಳದೆ ಹೋದರೆ? ನಾನು ಎಲ್ಲ ಲೆಕ್ಕ ಹಾಕಿದ್ದೆ.

"ಅಮ್ಮ, ಅಂಗಳಕ್ಕೂ ಡಿಸ್ಕ್ ಹೊಡೀತೀನಿ" ಅಂದೆ.

ಅಮ್ಮ ಪೊರಕೆಯನ್ನು ನೆಲಕ್ಕೂರಿ ನಿಂತಳು. "ನಾನು ಸತ್ತ ಮೇಲೆ ಹೊಡಿ."

"ಸತ್ತ ಮೇಲೆ ಕೂಗಿದ್ರೆ ನಿಂಗೆ ಕೇಳುತ್ತಾ?"

ಲಿಯಾಂದ್ರೊ ಟ್ರ್ಯಾಕ್ಟರಿನ ಮುಂದೆ ಬಂದು ಅಡ್ಡ ನಿಂತ. "ಮನೆ ಮುಂದೆ ಕಳೆ ಬೆಳೆಸಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ ಅಕ್ಕ. ಮಗ ಪಕ್ಕದಲ್ಲೇ ಇದಾನೆ, ತಾಯಿ ಅಂಗಳ ನೋಡೋ ಯೋಗ್ಯತೆ ಇಲ್ಲ ಅಂತಾರೆ."

"ಉಗುಳಿದ್ರೆ ಒರೆಸ್ಕೋ. ಪಂದ್ಯಕ್ಕೆ ಹೂಂ ಅನ್ನುವಾಗ ಇದೆಲ್ಲ ಗೊತ್ತಿರಲಿಲ್ವಾ?"

ಅಮ್ಮ ನಮ್ಮಿಬ್ಬರ ಕಡೆಗೂ ನೋಡಲಿಲ್ಲ. ಅಂಗಳವನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. "ಗಿಡ ಬೆಳೆದ್ರೆ ಎಲ್ಲೀವರೆಗೂ ಬರ್ತಾವೆ?" ಅಂತ ಕೇಳಿದಳು.

"ಈ ಮೆಟ್ಟಿಲವರೆಗೂ ಬರ್ತಾವೆ."

"ಹಾಗಾದ್ರೆ ಹೊಡಿ" ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆಯವರೆಗೂ ರೇಡಿಯೋ ಜೋರಾಗಿಟ್ಟುಕೊಂಡು ಕೂತಿದ್ದಳು. ಅವಳ ಆಸೆ ಎಷ್ಟು ದೊಡ್ಡದು ಅಂತ ನನಗೆ ತಿಳಿದದ್ದು ಅವತ್ತು. ಅಲ್ಲಿಯವರೆಗೂ ನಾನು ನನ್ನ ನೆಲದ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ.

ಮಾರ್ಚಿನಲ್ಲಿ ಒಳ್ಳೆ ಮಳೆಯಾಯಿತು. ಮೇ ಹೊತ್ತಿಗೆ ಅಂಗಳದ ತುಂಬ ಬೂದಿ ಬಣ್ಣದ, ಕಂಬಳಿಯ ಹಾಗೆ ಜುಂಗು ಜುಂಗಾದ ಎಲೆ. ಬೆಳವನ ಗಿಡ! ಒಂದು ಎಲೆ ಹಿಸುಕಿದರೆ ಕೈಯೆಲ್ಲ ಘಾಟು. ಆ ಘಾಟಿಗೇ ದನ ಅದರ ಹತ್ತಿರ ಸುಳಿಯುವುದಿಲ್ಲ. ಕೆಳಗೆ ಬುಡದಲ್ಲಿ ಬಿಡಿ ಮಣ್ಣು, ಮೇಲೆ ಕೊಡೆ ಹಿಡಿದ ಹಾಗೆ ಸೊಪ್ಪು. ಗೌಜಲಿನ ಮರಿಗೆ ಇದಕ್ಕಿಂತ ಒಳ್ಳೆ ಮನೆ ನಾನು ಕಟ್ಟಿಕೊಡಲಾರೆ. ಬೇಲಿಯ ಸಾಲಿಗೆ ಸೂರ್ಯಕಾಂತಿ ನನ್ನ ತಲೆ ಮೀರಿ ಬೆಳೆಯಿತು.

ಲಿಯಾಂದ್ರೊ ದಿನಾ ಬೇಲಿ ಹತ್ತಿರ ಪಿಕಪ್ ನಿಲ್ಲಿಸಿ, "ಅಕ್ಕ, ಕಟಾವು ಯಾವಾಗ? ಕೂಲಿಯವರಿಗೆ ಹೇಳ್ಲಾ?" ಅಂತ ಕೇಳುತ್ತಿದ್ದ.

"ನಿನ್ನ ದನಕ್ಕೆ ಹೇಳು. ಬೇಲಿ ಹಾರಿ ಈ ಕಡೆ ಬಂದ್ರೆ ಕೆಂಡದ ಮೇಲೆ ಇಡ್ತೀನಿ."

"ಇಡು, ನಂಗೂ ಒಂದು ತುಂಡು ಕಳ್ಸು."

ಅವನ ಈ ಖುಷಿ ನನಗೆ ಸ್ವಲ್ಪ ಚುಚ್ಚುತ್ತಿತ್ತು. ಸೋಲುವವನು ಹೀಗೆ ನಗುವುದಿಲ್ಲ. ನಾಯಿ ಬಿಟ್ಟು ಹಕ್ಕಿ ಓಡಿಸುತ್ತಾನೇನೋ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಪಾಪ, ಅಂಥದ್ದೇನೂ ಮಾಡಲಿಲ್ಲ.

ಏಟು ಬಿದ್ದದ್ದು ಬೇರೆ ಕಡೆಯಿಂದ. ಸೆಪ್ಟೆಂಬರಿನಲ್ಲಿ ಜಪಮಾಲೆಯ ಪ್ರಾರ್ಥನೆಗೆ ಅಮ್ಮನ ಗೆಳತಿಯರು ಮನೆಗೆ ಬಂದರು. ಅವರಲ್ಲಿ ಚೇಲೊ ಅಂತ ಒಬ್ಬಳಿದ್ದಾಳೆ, ಅವಳ ನಾಲಿಗೆಗೆ ಮೂಳೆ ಇಲ್ಲ, ಇದ್ದಿದ್ದರೆ ಇಷ್ಟು ಹೊತ್ತಿಗೆ ಮುರಿದಿರುತ್ತಿತ್ತು. ಗೇಟಿನಿಂದ ಮೆಟ್ಟಿಲವರೆಗೆ ಲಂಗ ಎತ್ತಿ ಹಿಡಿದುಕೊಂಡು ಬಂದವಳೇ, "ಅಯ್ಯೋ ದೋನ್ಯಾ ತೊಮಾಸಾ, ದಾರಿ ತಪ್ಪಿ ಯಾರೋ ಬಿಟ್ಟುಹೋದ ಮನೆಗೆ ಬಂದುಬಿಟ್ನೇನೋ ಅಂದ್ಕೊಂಡೆ! ಹುಷಾರಾಗಿದೀರ ತಾನೇ? ಮಕ್ಕಳು ನೋಡ್ಕೊಳ್ತಾರಾ?" ಅಂದಳು.

ಅಮ್ಮ ನಕ್ಕಳು. ಅವಳ ಆ ನಗು ನನಗೆ ಗೊತ್ತು, ಒಳಗೆ ಕುದಿಯುವಾಗ ನಗುವ ನಗು.

ಮಾರನೆಯ ಬೆಳಗ್ಗೆ ಎದ್ದು ನೋಡುತ್ತೇನೆ, ಮೆಟ್ಟಿಲಿನಿಂದ ಗೇಟಿನವರೆಗೆ ಅಗಲವಾಗಿ ಒಂದು ದಾರಿ ಬಿದ್ದಿದೆ. ಅಮ್ಮ ಗುದ್ದಲಿ ಹಿಡಿದು ಕಾಯಿ ತುಂಬಿದ ಗಿಡಗಳನ್ನು ಬುಡಸಮೇತ ಕೊಚ್ಚಿ, ರಾಶಿ ಹಾಕಿ, ನೀರು ಚಿಮುಕಿಸಿ, ಗುಡಿಸಿ ಮುಗಿಸಿದ್ದಳು.

"ಏನಮ್ಮ ಇದು! ಕಾಯಿ ಇನ್ನೂ ಬಲಿತಿಲ್ಲ! ಆ ಚೇಲೊ ಏನೋ ಬೊಗಳಿದ್ಲು ಅಂತ ನನ್ನ ಹೊಟ್ಟೆ ಮೇಲೆ ಹೊಡೆದ್ಯಾ?"

"ಕಿರುಚಬೇಡ. ನನ್ನ ಅಂಗಳ ಇದು. ಮನೆಗೆ ಬರೋಕೆ ಒಂದು ದಾರಿ ಬೇಡ್ವಾ?"

ಗದ್ದಲ ಕೇಳಿ ಬಂದ ಲಿಯಾಂದ್ರೊ, "ಅಮ್ಮಂಗೆ ಇಷ್ಟವಿಲ್ಲ ಅಂದ್ರೆ ಉಳಿದಿದ್ದನ್ನೂ ನಾನು ಒಂದೇ ಏಟಿಗೆ ಕತ್ತರಿಸ್ತೀನಿ" ಅಂದ.

"ಮುಟ್ಟಿ ನೋಡು" ಅಂದೆ. ಅವನು ಮುಟ್ಟಲಿಲ್ಲ. ನಾನು ಕೊಟ್ಟಿಗೆಗೆ ಹೋಗಿ ಡಿಸ್ಕಿನ ಮೇಲೆ ಕೂತು ಅತ್ತೆ. ನನ್ನ ತಾಯಿಯೂ ಕೊನೆಗೆ ಮಾಲೀಕರ ಹಾಗೇ ಆಡಿದಳಲ್ಲ ಅಂತ ಅತ್ತೆ.

ಕೆಲವು ದಿನ ಅಮ್ಮನಿಗೂ ನನಗೂ ಮಾತಿಲ್ಲ. ಬೀನ್ಸ್ ಕಾಳಿನ ತಟ್ಟೆ ನನ್ನ ಮುಂದೆ ಸದ್ದಾಗುವ ಹಾಗೆ ಇಡುತ್ತಿದ್ದಳು, ನಾನು ಸದ್ದಾಗುವ ಹಾಗೆ ತಿನ್ನುತ್ತಿದ್ದೆ. ಆಮೇಲೊಂದು ದಿನ ಬೆಳಗ್ಗೆ ಅವಳೇ ಹೊರಗಿನಿಂದ ಕೂಗಿದಳು.

"ಫೇಮಿಯಾ, ಬಾ ಇಲ್ಲಿ. ಯಾವುದೋ ನಾಯಿ ನನ್ನ ದಾರೀಲೆಲ್ಲ ಗುಂಡಿ ತೋಡಿಟ್ಟಿದೆ."

ಹೋಗಿ ನೋಡಿದೆ. ಗುಡಿಸಿದ ದಾರಿಯ ಅಂಚಿನಲ್ಲಿ ಸಾಲಾಗಿ ಬಟ್ಟಲಿನಷ್ಟು ಸಣ್ಣ ಕುಳಿಗಳು. ಒಳಗೆ ಹಿಟ್ಟಿನಂಥ ಮಣ್ಣು. ಒಂದರಲ್ಲಿ ಕಂದು ಬಣ್ಣದ ಪುಟ್ಟ ಗರಿ. ನಾನು ಅಲ್ಲೇ ಕುಕ್ಕರಿಸಿ ಕೂತು ನಗಲು ಶುರುಮಾಡಿದೆ.

"ನಾಯಿ ಅಲ್ಲಮ್ಮ. ಗೌಜಲು! ಮಣ್ಣಲ್ಲಿ ಹೊರಳಿ ಸ್ನಾನ ಮಾಡ್ಕೊಂಡು ಹೋಗಿದಾವೆ. ಹೇನು ಕಳ್ಕೊಳ್ಳೋಕೆ ಅವಕ್ಕೆ ಇಂಥ ಬಿಡಿ ಮಣ್ಣು ಬೇಕು."

ಅಂಗಳದ ತುಂಬ ತಿನ್ನಲು ಬೆಳೆಸಿದ್ದೆ, ಅಡಗಲು ಬೆಳೆಸಿದ್ದೆ. ಹೊರಳಾಡಲು ಒಂದು ಗೇಣು ಬೋಳು ನೆಲ ಬಿಡಬೇಕೆಂದು ಗೊತ್ತಿದ್ದೂ ದುರಾಸೆಯಲ್ಲಿ ಬಿಟ್ಟಿರಲಿಲ್ಲ. ಅಮ್ಮ ಸಿಟ್ಟಿಗೆ ಗುಡಿಸಿ ಅದನ್ನು ಮಾಡಿಟ್ಟಿದ್ದಳು. ಅವಳು ಆ ಕುಳಿಗಳನ್ನು ಬಗ್ಗಿ ನೋಡಿ, "ನನ್ನ ಅಂಗಳ ಚೆನ್ನಾಗಿದೆ ಅಂತ ಹಕ್ಕಿಗಾದ್ರೂ ಗೊತ್ತಾಯ್ತಲ್ಲ" ಅಂದಳು. ಅವತ್ತಿನಿಂದ ದಾರಿ ಗುಡಿಸುವಾಗ ಕುಳಿಗಳನ್ನು ಬಿಟ್ಟು ಸುತ್ತ ಗುಡಿಸುತ್ತಿದ್ದಳು.

ಅಕ್ಟೋಬರಿನ ಬಿಸಿಲಿಗೆ ಬೆಳವನ ಕಾಯಿ ಚಟ್ ಚಟ್ ಎಂದು ಸಿಡಿಯತೊಡಗಿತು. ಕಾಳು ದೂರ ದೂರ ಚಿಮ್ಮಿ ಮಣ್ಣಿಗೆ ಬೀಳುತ್ತಿತ್ತು. ಬೇಟೆಯ ಕಾಲ ಶುರುವಾದ ದಿನವೇ ನಾನು ಸಂಜೆ ಒಂದು ಗಂಡು ಗೌಜಲು ಹೊಡೆದು ತಂದೆ. ನಮ್ಮಲ್ಲಿ ಮೊದಲ ಹಕ್ಕಿಯನ್ನು ಸುಲಿಯುವ ಮುಂಚೆ ಅದರ ಕತ್ತಿನ ಚೀಲವನ್ನು ಎಲ್ಲರೆದುರು ಬಿಚ್ಚಿ ನೋಡುವುದು ವಾಡಿಕೆ. ಅದು ಏನು ತಿಂದಿದೆಯೋ ಅದೇ ನೆಲದ ಜಾತಕ.

ಬಿಳಿ ತಟ್ಟೆಯ ಮೇಲೆ ಚೀಲ ಸೀಳಿದೆ. ಬೂದಿ ಬಣ್ಣದ ಹೊಳೆಯುವ ಕಾಳು ಗುಡ್ಡೆಯಾಗಿ ಬಿತ್ತು. ನಡುವೆ ಸೂರ್ಯಕಾಂತಿ, ಒಂದೆರಡು ಇರುವೆ, ಹಸಿರು ಎಲೆಯ ಚೂರು. ಅಮ್ಮ ಬೆರಳಲ್ಲಿ ಕಾಳು ಒತ್ತಿ ನೋಡಿ ತಲೆಯಾಡಿಸಿದಳು. ಕಾಫಿಗೆ ಬಂದಿದ್ದ ಲಿಯಾಂದ್ರೊನ ಮೂಗಿನ ಕೆಳಗೆ ತಟ್ಟೆ ಹಿಡಿದೆ.

"ಇದರಲ್ಲಿ ನಿನ್ನ ಹುಲ್ಲು ಎಲ್ಲಿದೆ, ತೋರ್ಸಪ್ಪ."

"ನನ್ನ ಹುಲ್ಲು ನನ್ನ ದನದ ಹೊಟ್ಟೇಲಿದೆ" ಅಂದ. "ಸತ್ತ ಹಕ್ಕಿ ಕೂಗಲ್ಲ ಅಕ್ಕ. ಪಂದ್ಯ ಕೂಗಿನದು."

"ಅವನು ಹೇಳೋದು ಸರಿ" ಅಂದಳು ಅಮ್ಮ. "ನಾನು ಕೇಳ್ಬೇಕು."

ಕೇಳುವುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಆ ತಿಂಗಳು ಬೆಳಗಿನ ಜಾವ ನಾನು ಕೊಟ್ಟಿಗೆಗೆ ಹೋಗುವಾಗ ಹಿಂಡು ಹಿಂಡಾಗಿ ಕೂಗುತ್ತಿದ್ದವು. ಅಮ್ಮ ಮಾತು ಮಾತೇ ಅಂತ ಬಾಗಿಲು ಕಿಟಕಿ ಹಾಕಿಕೊಂಡು, ರೇಡಿಯೋ ಹಚ್ಚಿಕೊಂಡು, ಅಡುಗೆಮನೆಯಲ್ಲೇ ಇರುತ್ತಿದ್ದಳು. ಅವಳ ದಿನಕ್ಕೆ ಅವಳು ಕಾದಳು, ನನ್ನ ದಿನಕ್ಕೆ ನಾನು ಕಾದೆ.

ಸತ್ತವರ ದಿನದ ಹಿಂದಿನ ಸಂಜೆ ಬಡಗಣ ಗಾಳಿ ಬೀಸಿ ಚಳಿ ಬಿತ್ತು. ಬೆಳಗಿನ ಜಾವ ಗಾಳಿ ನಿಂತು, ಎಲೆಯೂ ಅಲ್ಲಾಡದ ಹಾಗಾಗಿತ್ತು. ಕೂಗು ಕೇಳಲು ಇದಕ್ಕಿಂತ ಒಳ್ಳೆ ಬೆಳಗು ದೇವರ ಹತ್ತಿರವೂ ಇರಲಿಲ್ಲ. ಜಗಲಿಯ ಮೇಲೆ ಅಪ್ಪನ ಗೋರಿಗೆಂದು ತಂದ ಚೆಂಡುಹೂವಿನ ಬಕೆಟ್ಟುಗಳು. ಅಮ್ಮ ಅಪ್ಪನ ಹಳೆಯ ಕೋಟು ತೊಟ್ಟು, ಕಾಲ ಮೇಲೆ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಲಿಯಾಂದ್ರೊ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ಕಂಬಕ್ಕೊರಗಿ ನಿಂತ. ಯಾರೂ ಮಾತಾಡಬಾರದು ಎಂದಾಗಿತ್ತು.

ಮೂಡಣ ಸ್ವಲ್ಪ ಬೆಳ್ಳಗಾಯಿತು. ಗಾಳಿಗಿರಣಿಯ ಕಡೆಯಿಂದ ಮೊದಲನೆಯದು ಕೂಗಿತು. ಕೊಯ್-ಲೀ! ಕಳ್ಳಿ ಮೆಳೆಯಿಂದ ಇನ್ನೊಂದು ಹಿಂಡು ಉತ್ತರ ಕೊಟ್ಟಿತು. ಸೂರ್ಯಕಾಂತಿಯ ಸಾಲಿನಿಂದ ಮತ್ತೊಂದು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ನನಗೆ. ಅಷ್ಟರಲ್ಲಿ ನಮ್ಮ ಮೆಟ್ಟಿಲ ಪಕ್ಕದ ಬೆಳವನ ಗಿಡದ ಬುಡದಿಂದಲೇ ಒಂದು ಎಷ್ಟು ಜೋರಾಗಿ ಕೂಗಿತೆಂದರೆ ನಾನು ಬೆಚ್ಚಿಬಿದ್ದೆ. ಗೆದ್ದೆ ಅಂದುಕೊಂಡು ಅಮ್ಮನ ಮುಖ ನೋಡಿದೆ.

ಅಮ್ಮ ಕಿವಿಯ ಹಿಂದೆ ಕೈ ಇಟ್ಟುಕೊಂಡು, ಮುಂದಕ್ಕೆ ಬಾಗಿ, ಹೊಲದ ಕಡೆ ನೋಡುತ್ತಿದ್ದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಮೆಟ್ಟಿಲ ಪಕ್ಕದ್ದು ಮತ್ತೆ ಕೂಗಿತು, ಮತ್ತೆ ಕೂಗಿತು.

"ಇನ್ನೂ ಹೊತ್ತಾಗಿಲ್ಲ ಅಲ್ವಾ?" ಅಂತ ಅಮ್ಮ ಆ ಕೂಗಿನ ನಡುವೆಯೇ ಕೇಳಿದಳು.

ಅಮ್ಮನ ಕಿವಿ ಹೋಗಿತ್ತು. ಟ್ರ್ಯಾಕ್ಟರ್, ದನ, ನಮ್ಮ ಜಗಳ ಎಲ್ಲ ಕೇಳುತ್ತಿತ್ತು, ಈ ತೆಳ್ಳನೆಯ ಸಿಳ್ಳೆ ಮಾತ್ರ ಅವಳನ್ನು ಬಿಟ್ಟುಹೋಗಿತ್ತು. ನಮಗೆ ಗೊತ್ತಾಗುವುದಾದರೂ ಹೇಗೆ? ಮೆಲ್ಲಗೆ ಮಾತಾಡುವವರು ನಮ್ಮ ಮನೆಯಲ್ಲಿ ಹುಟ್ಟೇ ಇಲ್ಲ.

ಒಂದು ಮಾತು ಆಡಿದ್ದರೆ ಸಾಕಿತ್ತು. ಅಮ್ಮ, ಅದೋ, ಕೂಗ್ತಿದೆ. ಅಷ್ಟೇ. ಆದರೆ ಆ ಮಾತು ಆಡಿದೊಡನೆ ತನ್ನ ಕಿವಿ ಹೋಗಿದೆ ಅಂತ ಅವಳಿಗೆ ತಿಳಿದುಹೋಗುತ್ತದೆ. ಬಾಯಿ ಮುಚ್ಚಿದರೆ ನನ್ನ ನೆಲ ಹೋಗುತ್ತದೆ, ಬಾಯಿ ಬಿಟ್ಟರೆ ಅಮ್ಮನ ಗೌಜಲು ಶಾಶ್ವತವಾಗಿ ಹೋಗುತ್ತವೆ. ಹುಟ್ಟಿದಂದಿನಿಂದ ಯಾರ ಮುಂದೆಯೂ ಬಾಯಿ ಮುಚ್ಚದ ನಾನು, ಆ ಬೆಳಗ್ಗೆ ಮುಚ್ಚಿಕೊಂಡೆ.

ಲಿಯಾಂದ್ರೊ ಕಡೆ ನೋಡಿದೆ. ಅವನು ಹೊಲದತ್ತ ನೋಡುತ್ತಲೇ ಇರಲಿಲ್ಲ, ಅಮ್ಮನನ್ನೇ ನೋಡುತ್ತಿದ್ದ. 'ಅರೆ' ಎಂಬ ಭಾವ ಅವನ ಮುಖದಲ್ಲಿರಲಿಲ್ಲ. ಆಗ ತಿಳಿಯಿತು ನನಗೆ. ಇವನಿಗೆ ಮೊದಲಿನಿಂದಲೂ ಗೊತ್ತು! ಅದಕ್ಕೇ ಅಷ್ಟು ಬೇಗ ಒಪ್ಪಿದ್ದು, ಅದಕ್ಕೇ ವರ್ಷವಿಡೀ ಆ ನಗು. ಕಳ್ಳ. ಅಲ್ಲೇ ಕತ್ತು ಹಿಸುಕಬೇಕು ಅನ್ನಿಸಿತು.

ಅಮ್ಮ ಕಿವಿಯಿಂದ ಕೈ ತೆಗೆದಳು. "ಬರಲಿಲ್ಲ ಕಣೇ ಫೇಮಿಯಾ" ಅಂದಳು. "ಎಷ್ಟು ದುಡಿದೆ ಪಾಪ. ನನ್ನ ಅಂಗಳ ಎಲ್ಲಾ ಕೊಟ್ಟೆ. ಆದ್ರೂ ಬರಲಿಲ್ಲ." ಕಂಬಳಿ ಸರಿಸಿ ಏಳಹೊರಟಳು.

ಲಿಯಾಂದ್ರೊ ಎರಡೇ ಹೆಜ್ಜೆಗೆ ಬಂದು ಅವಳ ಭುಜ ಹಿಡಿದ. "ಕೂತ್ಕೋ ಅಮ್ಮ. ಕೂಗ್ತಾ ಇದಾವೆ."

"ಏನು?"

ಅವನು ಬಗ್ಗಿ ಅವಳ ಕಿವಿಯ ಹತ್ತಿರ ದೊಡ್ಡ ದನಿಯಲ್ಲಿ ಹೇಳಿದ. "ಕೂಗ್ತಾ ಇದಾವೆ ಅಮ್ಮ. ಆಗಿನಿಂದ ಕೂಗ್ತಾ ಇದಾವೆ. ಈ ಮೆಟ್ಟಿಲ ಹತ್ರಾನೂ ಇದೆ. ನಿಂಗೆ ಕೇಳಿಸ್ತಿಲ್ಲ."

ಅಮ್ಮ ನನ್ನ ಮುಖ ನೋಡಿದಳು. ಸುಳ್ಳಾಡಲು ಆಗಲಿಲ್ಲ, ಹೌದು ಅಂತ ತಲೆಯಾಡಿಸಿದೆ. ಅವಳು ಮೆಟ್ಟಿಲ ಪಕ್ಕದ ಗಿಡವನ್ನೇ ನೋಡಿದಳು. ಅಷ್ಟರಲ್ಲಿ ಅದು ಮತ್ತೆ ಕೂಗಿತು, ನಾವಿಬ್ಬರೂ ಆ ಕಡೆ ತಿರುಗಿದೆವು, ಅವಳು ನಮ್ಮ ಕತ್ತು ತಿರುಗಿದ್ದನ್ನು ನೋಡಿದಳು.

"ಯಾವಾಗಿನಿಂದ?" ಅಂತ ಕೇಳಿದಳು.

"ಅಪ್ಪ ಹೋದ ಮೇಲೂ ಕೂಗ್ತಿದ್ವು" ಅಂದ ಲಿಯಾಂದ್ರೊ. "ಕಮ್ಮಿ ಆಗಿದ್ವು. ನನ್ನ ಹುಲ್ಲಿಂದಾನೇ ಇರ್ಬೇಕು. ಆದ್ರೆ ಪೂರ್ತಿ ಯಾವತ್ತೂ ಹೋಗಿರಲಿಲ್ಲ. ನೀನು ಹೋದ್ವು ಅಂದೆ, ನಾನು ಹೂಂ ಅಂದೆ."

"ಯಾಕೋ ಹೂಂ ಅಂದೆ?"

"ಅಪ್ಪನ ಜೊತೆ ಹೋದ್ವು ಅಂದ್ಕೊಂಡಿದ್ದೆ ನೀನು. ಹಾಗಲ್ಲ, ನಿನ್ನ ಕಿವಿ ಹೋಗಿದೆ ಅಂತ ಹೇಗಮ್ಮ ಹೇಳ್ಲಿ?" ಅಂದ. "ಇವತ್ತೂ ಹೇಳ್ಬಾರ್ದು ಅಂತಾನೇ ಬಂದಿದ್ದೆ."

ಅಮ್ಮ ಅಳುತ್ತಾಳೆ ಅಂದುಕೊಂಡೆ. ಅವಳು ಕಂಬಳಿಯನ್ನು ಮತ್ತೆ ಕಾಲ ಮೇಲೆ ಎಳೆದುಕೊಂಡು, ನಾಲ್ಕೂ ಅಂಚು ಸರಿಮಾಡಿಕೊಂಡು, "ನೆಲ ಫೇಮಿಯಾದು" ಅಂದಳು.

"ಅಮ್ಮ, ನಿನ್ನ ಕಿವಿಗೆ ಬೀಳ್ಬೇಕು ಅಂತಲ್ವಾ ಮಾತಾಗಿದ್ದು" ಅಂದೆ ನಾನು. ಆ ಮಾತು ನನ್ನ ಬಾಯಿಂದ ಬಂತಲ್ಲ ಅಂತ ನನಗೇ ಆಶ್ಚರ್ಯ.

"ನನ್ನ ಕಿವಿ ಇಲ್ಲೇ ನಿಂತಿದೆಯಲ್ಲ, ಇಸ್ತ್ರಿ ಅಂಗಿ ಹಾಕ್ಕೊಂಡು" ಅಂದಳು ಅಮ್ಮ, ಲಿಯಾಂದ್ರೊ ಕಡೆ ಗದ್ದ ಎತ್ತಿ. "ಅದಕ್ಕೆ ಬಿತ್ತು, ಸಾಕು. ಲೇ, ಕೂತ್ಕೋ ಇಲ್ಲಿ. ಎಲ್ಲಿಂದ ಕೂಗ್ತಿದೆ ಹೇಳು. ನಿಮ್ಮಪ್ಪ ಹೇಳ್ತಿದ್ದ ಹಾಗೆ ಹೇಳು."

ಅವನು ಅವಳ ಕಾಲ ಬಳಿ ಮೆಟ್ಟಿಲ ಮೇಲೆ ಕೂತ. ಅಂಗಿಯ ತೋಳಿನಿಂದ ಮೂಗೊರೆಸಿಕೊಂಡ. "ಗಾಳಿಗಿರಣಿ ಹತ್ರ ಒಂದು" ಅಂದ. "ಈಗ ಕಳ್ಳಿ ಮೆಳೆಯಿಂದ ಇನ್ನೊಂದು. ದೊಡ್ಡ ಹಿಂಡು ಅಮ್ಮ. ಈಗ ಇಲ್ಲಿ, ಅಕ್ಕನ ಕಳೇಲಿ..." ಅಂದು ನನ್ನ ಕಡೆ ನೋಡಿ, "ಅಕ್ಕನ ಗಿಡದಲ್ಲಿ" ಅಂತ ತಿದ್ದಿಕೊಂಡ. ಅಮ್ಮ ಕಣ್ಣು ಮುಚ್ಚಿಕೊಂಡು ಒಂದೊಂದಕ್ಕೂ ಹೂಂ ಅನ್ನುತ್ತಿದ್ದಳು.

ಗೌಜಲು ಬೆಳಗ್ಗೆ ಕೂಗುವುದು ಸ್ವಲ್ಪವೇ ಹೊತ್ತು, ಬೆಳಕು ಹರಿದ ಮೇಲೆ ಕಾಳು ಹುಡುಕಿಕೊಂಡು ಹೋಗಿಬಿಡುತ್ತವೆ. ಅವತ್ತೂ ಹಾಗೇ ಒಂದೊಂದಾಗಿ ಸುಮ್ಮನಾದವು. ಲಿಯಾಂದ್ರೊ ಸುಮ್ಮನಾಗಲಿಲ್ಲ. ಜಾಲಿ ತೋಪಿನಿಂದ ಒಂದು, ಬೇಲಿಯಿಂದ ಒಂದು ಅಂತ ಹೇಳುತ್ತಲೇ ಇದ್ದ, ಅಮ್ಮ ಹೂಂಗುಡುತ್ತಲೇ ಇದ್ದಳು. ಬಿಸಿಲು ಮೆಟ್ಟಿಲಿಗೆ ಬಂದು ಬಕೆಟ್ಟಿನ ಹೂವಿನ ಮೇಲೆ ಬಿತ್ತು. ಸ್ಮಶಾನಕ್ಕೆ ಹೊತ್ತಾಗುತ್ತಿತ್ತು. ನಾನು ಅವನನ್ನು ತಡೆಯಲಿಲ್ಲ.